ದಾದಿಯ ಐದನೆಯ ನುಡಿ

ಮಮದಾಪುರದ ಕಡೆಯಿಂದಲೋ ಮೂಡಲಗಿಯ ಕಡೆಯಿಂದಲೋ ಬಂದ ಬೆಳಗಿನ ಬಸ್ಸುಗಳು ಗೋಕಾಕದ ನಿಲ್ದಾಣದಲ್ಲಿ ಖಾಲಿಯಾದ ತರುವಾಯ, ಆಸ್ಪತ್ರೆಯ ಕಿಟಕಿಯ ಮುಂದೆ ಕೈಯಲ್ಲಿ ಚೀಟಿ ಹಿಡಿದು ಸಾಲುಗಟ್ಟಿ ನಿಂತ ಜನರ ನಡುವೆ ಅರ್ಧ ಗಂಟೆ ಸುಮ್ಮನೆ ಕಿವಿಗೊಟ್ಟು ನಿಂತವರಿಗೆ, ಮಾನವದೇಹವು ತನ್ನ ಬಾಧೆಯನ್ನು ಹೇಳಿಕೊಳ್ಳುವುದಕ್ಕೆ ಎಷ್ಟು ಬಗೆಯ ಮಾತುಗಳನ್ನು ಕಂಡುಕೊಂಡಿದೆಯೆಂಬುದು ತಾನಾಗಿಯೇ ವೇದ್ಯವಾಗುತ್ತದೆ. ಒಬ್ಬ ಮುದುಕಿಗೆ ‘ಎದಿಯಾಗ ಚಳಕ ಹೊಡಿತೈತಿ’. ಇನ್ನೊಬ್ಬ ರೈತನಿಗೆ ‘ಕೈಕಾಲ ಜೋಮ ಹಿಡದಾವು’. ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತ ತಾಯಿಗೆ ‘ಹುಡುಗನ ಮೈ ಕೆಂಡ ಆಗೈತಿ’. ಆಚೆಯ ತುದಿಯಲ್ಲಿ ನಿಂತ ಒಬ್ಬರು ಮರಾಠಿಯಲ್ಲಿ ‘ಪೋಟಾತ್ ದುಖತಂಯ್’ ಎನ್ನುತ್ತಿರುವಾಗಲೇ ಈಚೆಯವರು ಉರ್ದುವಿನಲ್ಲಿ ತಲೆಸುತ್ತನ್ನು ವರ್ಣಿಸುತ್ತಿರುತ್ತಾರೆ.

ಈ ಗದ್ದಲದ ನಡುವೆ ಬಿಳಿಯ ಕೋಟು ತೊಟ್ಟು ನಿಂತ ನರ್ಸಿಂಗ್ ವಿದ್ಯಾರ್ಥಿನಿಯು ಎಲ್ಲರಿಗೂ ಅವರವರ ಮಾತಿನಲ್ಲಿಯೇ ಉತ್ತರವಿತ್ತು, ಕೇಳಿದ್ದೆಲ್ಲವನ್ನೂ ಮನಸ್ಸಿನಲ್ಲಿಯೇ ಇಂಗ್ಲಿಷಿಗೆ ತಿರುಗಿಸಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಾಳೆ. ಅವಳನ್ನು ಯಾರೂ ಬಹುಭಾಷಾ ಪಂಡಿತೆಯೆಂದು ಕರೆಯುವುದಿಲ್ಲ. ‘ಸಿಸ್ಟರ್’ ಎಂದು ಮಾತ್ರ ಕರೆಯುತ್ತಾರೆ. ಇಂತಹ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಸ್ಪ್ಯಾನಿಷ್ ಪಾಠ ತೆರೆದು ಕುಳಿತಿದ್ದಾಳೆಂದರೆ ಮನೆಯವರಿಗೆ ಮೊದಲು ತೋರುವುದು ಆಶ್ಚರ್ಯ, ಅನಂತರ ಒಂದು ಪ್ರಶ್ನೆ: ಕಲಿತು ಏನು ಮಾಡುವುದು? ಈ ಪ್ರಶ್ನೆ ಅಪ್ರಸ್ತುತವಾದುದಲ್ಲ; ಅದಕ್ಕೆ ಪ್ರಾಮಾಣಿಕವಾದ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಸ್ಪ್ಯಾನಿಷ್ ಏತಕ್ಕೆ?

ಮೊದಲು ಒಂದು ಭ್ರಮೆಯನ್ನು ದೂರಮಾಡುವುದು ಲೇಸು. ಪರದೇಶದ ಆಸ್ಪತ್ರೆಯ ಬಾಗಿಲನ್ನು ತೆರೆಯುವ ಕೀಲಿಕೈ ಎಂಬ ಅರ್ಥದಲ್ಲಿ ನಮ್ಮ ದಾದಿಯರಿಗೆ ಇಂದು ಉಪಯೋಗಕ್ಕೆ ಬರುತ್ತಿರುವ ಭಾಷೆ ಸ್ಪ್ಯಾನಿಷ್ ಅಲ್ಲ, ಜರ್ಮನ್. ಜರ್ಮನಿಯಲ್ಲಿ ದಾದಿಯಾಗಿ ಮಾನ್ಯತೆ ಪಡೆಯಬೇಕಾದರೆ ಯುರೋಪಿನ ಭಾಷಾಮಾನದ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದಾದ ಬಿ-2 ಮಟ್ಟದ ಜರ್ಮನ್ ಜ್ಞಾನವನ್ನು ಸಾಮಾನ್ಯವಾಗಿ ಕೇಳುತ್ತಾರೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನವೇ ಮೊದಲಾದೆಡೆಗಳಲ್ಲಿ ಆ ಭಾಷೆಯನ್ನು ಕಲಿಯುವವರಲ್ಲಿ ನರ್ಸಿಂಗ್ ಪದವೀಧರರೂ ಸೇರಿರುವುದಕ್ಕೆ ಇದೇ ಕಾರಣ. ಸ್ಪೇನ್ ದೇಶವಾದರೋ, ಕಳೆದ ದಶಕದಲ್ಲಿ ತನ್ನ ದಾದಿಯರನ್ನೇ ಉದ್ಯೋಗಕ್ಕಾಗಿ ಬ್ರಿಟನ್ನಿಗೂ ಜರ್ಮನಿಗೂ ಕಳುಹಿಸಿಕೊಟ್ಟ ನಾಡು. ಅಲ್ಲಿಗೆ ಹೋಗಿ ನೆಲಸುವ ಆಸೆಯಿಂದ ಆ ಭಾಷೆಯನ್ನು ಕಲಿಯಹೊರಡುವುದು ವಿವೇಕವೆನಿಸದು.

ಹಾಗಾದರೆ ಸ್ಪ್ಯಾನಿಷ್ ಬೇಕಾಗುವುದು ಎಲ್ಲಿ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ನೋಂದಾಯಿತ ದಾದಿಯಾಗಲು ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಇಂಗ್ಲಿಷಿನದು. ವೀಸಾಕ್ಕಾಗಿ ಒಪ್ಪಿಸಬೇಕಾದ ಭಾಷಾಪ್ರಮಾಣವೂ ಇಂಗ್ಲಿಷಿನದೇ. ಆದರೆ ಪರೀಕ್ಷೆಗಳನ್ನೆಲ್ಲ ದಾಟಿ, ಟೆಕ್ಸಾಸಿನಲ್ಲಿಯೋ ಕ್ಯಾಲಿಫೋರ್ನಿಯಾದಲ್ಲಿಯೋ ಫ್ಲೋರಿಡಾದಲ್ಲಿಯೋ ಒಂದು ವಾರ್ಡಿಗೆ ಕಾಲಿಟ್ಟ ಮೊದಲನೆಯ ದಿನವೇ, ಪರೀಕ್ಷೆಯಲ್ಲಿ ಕಾಣದಿದ್ದ ಆ ಭಾಷೆಯು ಹಾಸಿಗೆಯ ಮೇಲಿನಿಂದ ಕೇಳಿಸತೊಡಗುತ್ತದೆ. ಆ ದೇಶದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಆಡುವವರ ಸಂಖ್ಯೆ 4 ಕೋಟಿಯನ್ನು ಮೀರಿದೆ. ಜಗತ್ತಿನಲ್ಲಿ ಅದನ್ನು ಮಾತೃಭಾಷೆಯಾಗಿ ಉಳ್ಳವರು ಸುಮಾರು 50 ಕೋಟಿ; ಅದನ್ನು ರಾಜಭಾಷೆಯಾಗಿ ಉಳ್ಳ ದೇಶಗಳು ಇಪ್ಪತ್ತರ ಆಸುಪಾಸು. ಅಮೆರಿಕಕ್ಕೆ ಹೋಗುವ ದಾದಿಗೆ ಪ್ರವೇಶಪತ್ರವನ್ನು ಕೊಡುವುದು ಇಂಗ್ಲಿಷ್. ಒಳಹೊಕ್ಕ ಮೇಲೆ ಅನೇಕ ರೋಗಿಗಳ ವಿಶ್ವಾಸವನ್ನು ಗಳಿಸಿಕೊಡುವುದು ಸ್ಪ್ಯಾನಿಷ್.

ಗಡಿನಾಡಿನ ಪೂರ್ವಸಿದ್ಧತೆ

ಗೋಕಾಕವೆಂದೊಡನೆ ಕನ್ನಡಿಗರಿಗೆ ಭಾಷೆಯ ಚಳವಳಿಯೊಂದು ನೆನಪಾಗುವುದು ಸಹಜ. 1982ರ ಆ ಚಳವಳಿಗೆ ಹೆಸರನ್ನು ಕೊಟ್ಟದ್ದು ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯ ವರದಿ. ಊರಿಗೂ ಅದಕ್ಕೂ ನೇರವಾದ ಸಂಬಂಧವಿಲ್ಲ. ಆದರೂ ಘಟಪ್ರಭೆಯ ದಡದ ಈ ತಾಲೂಕುಗಳು ಭಾಷೆಯ ವಿಷಯದಲ್ಲಿ ಬಹುಕಾಲದಿಂದ ಪಳಗಿದವು ಎಂಬುದರಲ್ಲಿ ಸಂಶಯವಿಲ್ಲ. ಹುಕ್ಕೇರಿಯ ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆ. ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ ಉತ್ತರಕ್ಕೆ ಹೋದರೆ ಮಿರಜ.

ಮಿರಜವನ್ನು ಇಲ್ಲಿ ಹೆಸರಿಸುವುದಕ್ಕೆ ವಿಶೇಷವಾದ ಕಾರಣವುಂಟು. 1894ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯರಾದ ವಿಲಿಯಂ ವಾನ್ಲೆಸ್ ಅವರು ಅಲ್ಲಿ ತೆರೆದ ಆಸ್ಪತ್ರೆಯು ಈ ಸೀಮೆಯ ಕನ್ನಡ ರೋಗಿಗಳಿಗೆ ತಲೆಮಾರುಗಳ ಕಾಲ ಕಡೆಯ ಭರವಸೆಯ ತಾಣವಾಗಿತ್ತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನವೇ ಅಲ್ಲಿ ದಾದಿಯರ ಶಿಕ್ಷಣವೂ ಮೊದಲಾಯಿತು. ಇಂಗ್ಲಿಷ್ ಮನೆಮಾತಿನ ವೈದ್ಯ, ಮರಾಠಿ ಮನೆಮಾತಿನ ದಾದಿ, ಕನ್ನಡ ಮನೆಮಾತಿನ ರೋಗಿ, ಈ ಮೂವರೂ ಒಂದೇ ಹಾಸಿಗೆಯ ಸುತ್ತ ಸೇರಿ ಒಂದೇ ನೋವನ್ನು ಕುರಿತು ಮಾತಾಡಬೇಕಾದ ಪ್ರಸಂಗವು ಆ ವಾರ್ಡುಗಳಲ್ಲಿ ನಿತ್ಯವಿಧಿಯಾಗಿತ್ತು. ಅದೇ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದದ್ದು ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು. ಜರ್ಮನ್ ನಾಡಿನಲ್ಲಿ ಹುಟ್ಟಿದವರೊಬ್ಬರು ಕನ್ನಡವನ್ನು ಕಲಿತು ಕನ್ನಡಿಗರಿಗೇ ಕೊಟ್ಟ ಕಾಣಿಕೆ. ಇಂದು ಕನ್ನಡದ ಹುಡುಗಿಯರು ಜರ್ಮನ್ ತರಗತಿಗಳಲ್ಲಿ ಕುಳಿತಿರುವುದನ್ನು ಕಂಡಾಗ, ಆ ಋಣವು ಬಹುಕಾಲಾನಂತರ ಬೇರೊಂದು ದಾರಿಯಿಂದ ತೀರುತ್ತಿದೆಯೇನೋ ಎನಿಸದಿರದು.

ಕೇರಳದಿಂದ ಬಂದ ದಾದಿಯರು ಕರ್ನಾಟಕದ ಆಸ್ಪತ್ರೆಗಳಲ್ಲಿ ಕನ್ನಡ ಕಲಿತ ಬಗೆಯೂ ಇಲ್ಲಿ ಸ್ಮರಣಾರ್ಹ. ಅವರಲ್ಲಿ ಬಹುಮಂದಿ ವ್ಯಾಕರಣದ ಪುಸ್ತಕವನ್ನು ತೆರೆದವರಲ್ಲ. ‘ನೋವಿದೆಯಾ’, ‘ಊಟ ಆಯ್ತಾ’, ‘ಜೋರಾಗಿ ಉಸಿರು ತಗೊಳ್ಳಿ’ ಎಂಬ ಹತ್ತಿಪ್ಪತ್ತು ವಾಕ್ಯಗಳಿಂದ ಆರಂಭಿಸಿ, ರೋಗಿಗಳಿಂದಲೇ ತಿದ್ದಿಸಿಕೊಂಡು, ಕೆಲವು ವರ್ಷಗಳಲ್ಲಿ ಊರಿನವರೇ ಆದರು. ಪರಭಾಷೆಯನ್ನು ಶುಶ್ರೂಷೆಯ ಮೂಲಕ ಕಲಿಯುವುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ನನಗೆ ತಲೆ ನೋಯುತ್ತದೆ

ಸ್ಪ್ಯಾನಿಷ್ ಕಲಿಯಹೊರಟ ನಮ್ಮ ವಿದ್ಯಾರ್ಥಿನಿಯರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು ಇಂಗ್ಲಿಷ್ ಬಲ್ಲವರಿಗಾಗಿ ಇಂಗ್ಲಿಷಿನಲ್ಲಿ ರಚಿತವಾದ ಪಾಠಗಳನ್ನು. ಇದರಿಂದಾಗುವ ನಷ್ಟವನ್ನು ಬಹಳ ಮಂದಿ ಗಮನಿಸಿಲ್ಲ. ಏಕೆಂದರೆ ಇಂಗ್ಲಿಷರಿಗೆ ವಿಚಿತ್ರವೆನಿಸುವ, ಅಧ್ಯಾಯಗಟ್ಟಲೆ ವಿವರಣೆ ಬೇಡುವ ಸ್ಪ್ಯಾನಿಷ್ ರೂಢಿಗಳಲ್ಲಿ ಕೆಲವು ಕನ್ನಡಿಗರಿಗೆ ತೊಟ್ಟಿಲಿನಿಂದಲೇ ಪರಿಚಿತವಾದವು.

ಅವುಗಳಲ್ಲಿ ಮೊದಲನೆಯದೂ ದಾದಿಗೆ ಅತ್ಯಂತ ಉಪಯುಕ್ತವಾದುದೂ ನೋವನ್ನು ಹೇಳುವ ರೀತಿ. ಇಂಗ್ಲಿಷಿನಲ್ಲಿ ತಲೆನೋವು ಒಂದು ಸ್ವತ್ತು. ‘ಐ ಹ್ಯಾವ್ ಎ ಹೆಡೇಕ್’ ಎನ್ನುವಾತ ಅದರ ಒಡೆಯ. ಕನ್ನಡಿಗನು ಹಾಗೆನ್ನುವುದಿಲ್ಲ. ‘ನನಗೆ ತಲೆ ನೋಯುತ್ತದೆ’ ಎಂದು ತನ್ನನ್ನು ಚತುರ್ಥೀ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು, ಕರ್ತೃವಿನ ಸ್ಥಾನವನ್ನು ತಲೆಗೇ ಬಿಟ್ಟುಕೊಡುತ್ತಾನೆ. ಸ್ಪ್ಯಾನಿಷಿನವನೂ ಅದನ್ನೇ ಮಾಡುತ್ತಾನೆ: ‘ಮೆ ದುಯೆಲೆ ಲಾ ಕಬೇಸಾ’. ‘ಮೆ’ ಎಂದರೆ ನನಗೆ, ‘ದುಯೆಲೆ’ ಎಂದರೆ ನೋಯುತ್ತದೆ, ‘ಲಾ ಕಬೇಸಾ’ ಎಂದರೆ ತಲೆ. ನೋಯುವುದು ಒಂದೇ ಅವಯವವಲ್ಲದೆ ಎರಡು ಕಾಲುಗಳಾದರೆ ನಮ್ಮ ‘ನೋಯುತ್ತದೆ’ ‘ನೋಯುತ್ತವೆ’ಯಾಗುವಂತೆ ಅವರ ‘ದುಯೆಲೆ’ಯೂ ‘ದುಯೆಲೆನ್’ ಆಗುತ್ತದೆ. ‘ನನಗ ಕಾಲ ನೋಯಾಕತ್ತಾವು’ ಎಂದ ಮಮದಾಪುರದ ಮುದುಕಿಯ ವಾಕ್ಯವನ್ನು ಮೆಕ್ಸಿಕೋದ ಮುದುಕಿಯ ವಾಕ್ಯದ ಪಕ್ಕದಲ್ಲಿಟ್ಟರೆ ಪದಗಳು ಬೇರೆಯಾದರೂ ಅಸ್ಥಿಪಂಜರ ಒಂದೇ. ‘ನನಗೆ ಇಷ್ಟ’ ಎಂಬುದೂ ಹಾಗೆಯೇ, ‘ಮೆ ಗುಸ್ತಾ’.

ಈ ಸಾದೃಶ್ಯವನ್ನು ಎಲ್ಲೆಡೆಗೂ ಎಳೆಯಲಾಗದು. ಜ್ವರದ ವಿಷಯದಲ್ಲಿ ಸ್ಪ್ಯಾನಿಷ್ ಇಂಗ್ಲಿಷಿನ ಪಕ್ಷವನ್ನು ವಹಿಸುತ್ತದೆ. ‘ತೆಂಗೊ ಫಿಯೆಬ್ರೆ’ ಎಂದರೆ ಜ್ವರವನ್ನು ಉಳ್ಳವನಾಗಿದ್ದೇನೆ ಎಂದೇ. ಹಸಿವು, ಬಾಯಾರಿಕೆ, ಚಳಿಗಳೂ ಅಲ್ಲಿ ಉಳ್ಳವನ ಸ್ವತ್ತುಗಳೇ.

ಎರಡನೆಯ ಅನುಕೂಲವು ಗೌರವದ್ದು. ಇಂಗ್ಲಿಷಿನ ‘ಯೂ’ ಎಂಬುದು ಕೂಸಿಗೂ ಕುಲಪತಿಗೂ ಒಂದೇ. ನಮ್ಮಲ್ಲಿ ‘ನೀನು’, ‘ನೀವು’, ‘ತಾವು’ ಎಂಬ ಮೆಟ್ಟಿಲುಗಳಿರುವಂತೆ ಸ್ಪ್ಯಾನಿಷಿನಲ್ಲಿ ‘ತೂ’ ಮತ್ತು ‘ಉಸ್ತೆದ್’ ಎಂಬ ಎರಡು ಮೆಟ್ಟಿಲುಗಳಿವೆ. ಅಪರಿಚಿತಳಾದ ವಯೋವೃದ್ಧ ರೋಗಿಯನ್ನು ‘ತೂ’ ಎಂದು ಕರೆದ ದಾದಿಯು ಎಷ್ಟೇ ನಯವಾಗಿ ಸೂಜಿ ಮಾಡಿದರೂ ಆಕೆಯ ಮನಸ್ಸಿಗೆ ಚುಚ್ಚಿದ್ದು ಉಳಿದೇ ಉಳಿಯುತ್ತದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಇದನ್ನು ನಿಯಮವಾಗಿ ಕಲಿಸಬೇಕು. ಹಿರಿಯರನ್ನು ಬಹುವಚನದಿಂದ ಕರೆದು ಬೆಳೆದವರಿಗೆ ಹೊಸ ಪದವೊಂದನ್ನು ತಿಳಿಸಿದರೆ ಸಾಕು.

ಇನ್ನು ಸರ್ವನಾಮವನ್ನು ಬಿಟ್ಟು ಮಾತಾಡುವ ಸ್ವಾತಂತ್ರ್ಯ. ‘ಬಂದೆ’ ಎಂದರೆ ನಾನು, ‘ಬಂದಳು’ ಎಂದರೆ ಅವಳು ಎಂಬುದು ಕ್ರಿಯಾಪದದಿಂದಲೇ ತಿಳಿಯುವಂತೆ ಸ್ಪ್ಯಾನಿಷಿನಲ್ಲಿಯೂ ತಿಳಿಯುತ್ತದೆ. ‘ಆಗಿರುವುದು’ ಎಂಬುದಕ್ಕೆ ಅಲ್ಲಿ ‘ಸೆರ್’, ‘ಎಸ್ತಾರ್’ ಎಂಬ ಎರಡು ಧಾತುಗಳಿದ್ದು, ಸ್ವರೂಪಕ್ಕೆ ಮೊದಲನೆಯದು, ಇರುವ ಎಡೆಗೂ ಸ್ಥಿತಿಗೂ ಎರಡನೆಯದು ಬಳಕೆಯಾಗುತ್ತದೆ. ‘ಅವಳು ದಾದಿ’ ಎನ್ನುವಾಗ ಕ್ರಿಯಾಪದವನ್ನೇ ಬಿಟ್ಟು, ‘ಅವಳು ಆಸ್ಪತ್ರೆಯಲ್ಲಿದ್ದಾಳೆ’ ಎನ್ನುವಾಗ ‘ಇರು’ ಧಾತುವನ್ನು ತರುವ ಕನ್ನಡಿಗರಿಗೆ ಈ ಭೇದ ಅಷ್ಟೇನೂ ಅಪರಿಚಿತವಲ್ಲ. ಆದರೂ ಎಚ್ಚರ ಬೇಕು. ‘ಸೋಯ್ ಎನ್ಫೆರ್ಮೇರಾ’ ಎಂದರೆ ನಾನು ದಾದಿ. ‘ಎಸ್ತೋಯ್ ಎನ್ಫೆರ್ಮಾ’ ಎಂದರೆ ನನಗೇ ಕಾಯಿಲೆ. ನಡುವಿನ ಅಕ್ಷರವೊಂದು ನುಂಗಿಹೋದರೆ, ಶುಶ್ರೂಷೆ ಮಾಡಲು ಬಂದವಳನ್ನು ರೋಗಿಯೇ ಎದ್ದು ಉಪಚರಿಸಬೇಕಾದೀತು.

ನಾಲಿಗೆಗೆ ಸುಲಭ, ಕಿವಿಗೆ ಕಷ್ಟ

ಉಚ್ಚಾರಣೆಯಲ್ಲಿ ಕನ್ನಡಿಗರು ಭಾಗ್ಯಶಾಲಿಗಳು. ಇಂಗ್ಲಿಷಿನ ಸ್ವರಗಳು ಬರೆದಂತೆ ಉಚ್ಚರಿಸಲ್ಪಡುವುದಿಲ್ಲ. ಸ್ಪ್ಯಾನಿಷಿನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ ಎಂಬವುಗಳಿಗೆ ಅತಿ ಸಮೀಪವಾಗಿದ್ದು, ಬಹುಮಟ್ಟಿಗೆ ಬರೆದಂತೆಯೇ ಓದಲ್ಪಡುತ್ತವೆ. ಅವರ ತಕಾರ ದಕಾರಗಳು ನಮ್ಮ ದಂತ್ಯಗಳೇ. ಇಂಗ್ಲಿಷಿನ ಮೂಲಕ ಕಲಿತವರು ಅಲ್ಲಿ ಅನಗತ್ಯವಾಗಿ ಟಕಾರ ಡಕಾರಗಳನ್ನು ತಂದು ತಮ್ಮ ಸಹಜ ಸಂಪತ್ತನ್ನು ಕೆಡಿಸಿಕೊಳ್ಳುತ್ತಾರೆ. ವರ್ಣಮಾಲೆಯಲ್ಲಿ ಕಲಿತು, ಸಂಸ್ಕೃತ ಪದಗಳ ಒತ್ತಕ್ಷರಗಳ ಹೊರತು ಮತ್ತೆಲ್ಲಿಯೂ ಹೆಚ್ಚಾಗಿ ಕಾಣದ ನಮ್ಮ ಞಕಾರವು ‘ಸೆಞೋರಾ’ ಎಂಬ ಸಂಬೋಧನೆಯಲ್ಲಿ ಸ್ವತಂತ್ರವಾಗಿ ಎದ್ದುನಿಲ್ಲುವುದನ್ನು ಕಂಡರೆ ಪ್ರಾಥಮಿಕ ಶಾಲೆಯ ಗುರುಗಳಿಗೆ ಸಂತೋಷವಾದೀತು.

ಗೋವೆಯ ಪೋರ್ಚುಗೀಜರು ನಮ್ಮಲ್ಲಿ ಬಿಟ್ಟುಹೋದ ಪದಗಳೂ ನೆರವಿಗೆ ಬರುತ್ತವೆ, ಏಕೆಂದರೆ ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಎರಡೂ ಲ್ಯಾಟಿನ್ ಮೂಲದ ಸೋದರಭಾಷೆಗಳು. ವಾರ್ಡಿನಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು: ಮೇಜು ಅಲ್ಲಿ ‘ಮೆಸಾ’, ಅಲಮಾರು ‘ಅರ್ಮಾರಿಯೊ’, ತುವಾಲು ‘ತೊಆಯಾ’, ಬಾಲ್ದಿ ‘ಬಾಲ್ದೆ’, ತಿಂಗಳ ಕೊನೆಗೆ ಬರುವ ಪಗಾರದ ಹಿಂದೆ ‘ಪಗಾರ್’ ಎಂಬ ಕೊಡುವ ಧಾತು, ನೆಲ ಒರೆಸಿ ರೋಗಿಗಳಿಗೆ ನೆರವಾಗುವ ಆಯಾ ಕೂಡ ಅದೇ ದಾರಿಯಲ್ಲಿ ಬಂದವಳು.

ಕಷ್ಟವಿರುವುದು ಕಿವಿಗೆ. ಕನ್ನಡದಲ್ಲಿ ಸ್ವರದ ಹ್ರಸ್ವದೀರ್ಘಗಳಿಂದ ಅರ್ಥ ಬದಲಾಗುತ್ತದೆಯೇ ಹೊರತು, ಯಾವ ಅಕ್ಷರದ ಮೇಲೆ ಬಲ ಬಿತ್ತೆಂಬುದರಿಂದ ಬದಲಾಗುವುದಿಲ್ಲ. ಸ್ಪ್ಯಾನಿಷಿನಲ್ಲಿ ಬಲವೇ ಅರ್ಥವನ್ನು ನಿರ್ಣಯಿಸುತ್ತದೆ. ಮೊದಲಿನ ಅಕ್ಷರವನ್ನು ಒತ್ತಿ ‘ತೋಮೆ’ ಎಂದರೆ ‘ತೆಗೆದುಕೊಳ್ಳಿ’ ಎಂಬ ವಿನಯದ ಆಜ್ಞೆ. ಕೊನೆಯ ಅಕ್ಷರವನ್ನು ಒತ್ತಿ ‘ತೊಮೇ’ ಎಂದರೆ ‘ನಾನು ತೆಗೆದುಕೊಂಡೆ’. ಮಾತ್ರೆಯನ್ನು ಕೈಯಲ್ಲಿ ಹಿಡಿದು ನಿಂತ ದಾದಿಗೆ ಈ ಎರಡರ ಅಂತರವು ಒಂದು ಡೋಸಿನ ಅಂತರ. ರೋಗಿಯ ಮಾತು ಪುಸ್ತಕದ ಧ್ವನಿಮುದ್ರಿಕೆಯಷ್ಟು ಸ್ಫುಟವಾಗಿಯೂ ಇರುವುದಿಲ್ಲ. ನೋವಿನಲ್ಲಿ ಇರುವವನು ಪದಗಳನ್ನು ಅರ್ಧಕ್ಕೆ ನುಂಗುತ್ತಾನೆ, ಕ್ಯೂಬಾದವನು ಪದಾಂತ್ಯದ ಸಕಾರವನ್ನು ಹಾರಿಸುತ್ತಾನೆ.

ಲಿಂಗವು ಇನ್ನೊಂದು ತೊಡಕು. ಅರ್ಥವನ್ನು ನೋಡಿ ಲಿಂಗವನ್ನು ನಿರ್ಣಯಿಸುವುದು ಕನ್ನಡದ ಕ್ರಮ; ಹಾಸಿಗೆ, ಸಲೈನ್, ಕೈ ಎಲ್ಲವೂ ನಮಗೆ ನಪುಂಸಕ. ಸ್ಪ್ಯಾನಿಷಿನಲ್ಲಿ ಹಾಸಿಗೆ ಸ್ತ್ರೀ, ಸಲೈನ್ ಪುರುಷ, ಪುಲ್ಲಿಂಗದಂತೆ ಓಕಾರಾಂತವಾಗಿ ಕಾಣುವ ‘ಮಾನೊ’ ಎಂಬ ಕೈ ಮಾತ್ರ ಸ್ತ್ರೀ. ಇಲ್ಲಿ ಬೆಳಗಾವಿ ಸೀಮೆಯ ಹುಡುಗಿಗೆ ಮರಾಠಿಯೂ ಹಿಂದಿಯೂ ಒದಗಿಬರುತ್ತವೆ. ನಿರ್ಜೀವ ವಸ್ತುಗಳಿಗೆ ಲಿಂಗ ಹಚ್ಚುವ ಅಭ್ಯಾಸವನ್ನು ಆ ಭಾಷೆಗಳು ಅವಳಿಗೆ ಮೊದಲೇ ಮಾಡಿಸಿರುತ್ತವೆ.

ಆರಂಭದ ಪಾಠ ಯಾವುದಾಗಿರಬೇಕು?

ಸೇಬನ್ನು ತಿನ್ನುವ ಹುಡುಗ, ಹಾಲು ಕುಡಿಯುವ ಬೆಕ್ಕು, ಕೆಂಪು ಬಣ್ಣದ ಕಾರು, ಇವುಗಳಿಂದ ಮೊದಲಾಗುವ ಪಾಠಗಳು ಪ್ರವಾಸಿಗೆ ಸಾಕು. ದಾದಿಯಾಗುವವಳು ಆರಂಭಿಸಬೇಕಾದುದು ತನ್ನ ವೃತ್ತಿಯ ನಿತ್ಯಕ್ರಮದಿಂದ. ನಮಸ್ಕಾರ, ತನ್ನ ಪರಿಚಯ, ರೋಗಿಯ ಹೆಸರು ಮತ್ತು ಹುಟ್ಟಿದ ದಿನದ ವಿಚಾರಣೆ, ‘ದೋಂದೆ ಲೆ ದುಯೆಲೆ?’ ಎಂಬ ಎಲ್ಲಿ ನೋಯುತ್ತದೆಯೆಂಬ ಪ್ರಶ್ನೆ, ‘ದೆಸ್ದೆ ಕ್ವಾಂದೊ?’ ಎಂಬ ಎಂದಿನಿಂದ ಎಂಬ ಪ್ರಶ್ನೆ, ಔಷಧವೇನಾದರೂ ಮೈಗೆ ಒಗ್ಗುವುದಿಲ್ಲವೇ ಎಂಬ ವಿಚಾರ, ಉಸಿರನ್ನು ಆಳವಾಗಿ ಎಳೆದುಕೊಳ್ಳಿರೆಂಬ ಸೂಚನೆ, ಇವಿಷ್ಟು ಕಂಠಗತವಾದರೆ ಮೊದಲನೆಯ ತಿಂಗಳು ಸಾರ್ಥಕ. ಬಳಿಕ ಅವಯವಗಳ ಹೆಸರು, ಬಳಿಕ ಸಂಖ್ಯೆಗಳು.

ಸಂಖ್ಯೆಗಳನ್ನು ಹಗುರವಾಗಿ ಎಣಿಸಬಾರದು. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದು ಹೇಳಿರೆಂದು ರೋಗಿಯನ್ನು ಕೇಳುವುದು ಈಗ ಸಾರ್ವತ್ರಿಕ ಪದ್ಧತಿ. ಹೊತ್ತು, ತೂಕ, ಮಾತ್ರೆಯ ಪ್ರಮಾಣಗಳೆಲ್ಲ ಸಂಖ್ಯೆಗಳೇ. ಔಷಧದ ಚೀಟಿಯಲ್ಲಿ ‘ಒಮ್ಮೆ’ ಎಂಬರ್ಥದಲ್ಲಿ ಬರೆಯುವ ಇಂಗ್ಲಿಷ್ ಪದದ ಅಕ್ಷರಗಳನ್ನೇ ಸ್ಪ್ಯಾನಿಷಿನವನು ‘ಓನ್ಸೆ’ ಎಂದು ಓದಿದರೆ ಅರ್ಥ ಹನ್ನೊಂದು. ದಿನಕ್ಕೆ ಒಂದು ಮಾತ್ರೆ ಹನ್ನೊಂದಾಗುವ ಈ ಸಂಭವವನ್ನು ಅಲ್ಲಿಯ ಔಷಧಶಾಲೆಗಳವರಿಗೆ ಎಚ್ಚರಿಕೆಯ ಮಾತಾಗಿ ಹೇಳಿಕೊಡುತ್ತಾರೆ.

ಎಷ್ಟು ಕಾಲ ಬೇಕು? ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆಯು ತನ್ನ ಇಂಗ್ಲಿಷ್ ಮಾತೃಭಾಷೆಯ ಅಧಿಕಾರಿಗಳಿಗೆ ಉದ್ಯೋಗಕ್ಕೆ ತಕ್ಕ ಸ್ಪ್ಯಾನಿಷ್ ಬರಲು 600ರಿಂದ 750 ಗಂಟೆಗಳ ತರಗತಿಯನ್ನು ಗೊತ್ತುಪಡಿಸಿದೆ. ದಿನಕ್ಕೊಂದು ಗಂಟೆಯಂತೆ ಎಣಿಸಿದರೆ ಸುಮಾರು ಎರಡು ವರ್ಷ. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಯ ಕಾಲದಲ್ಲಿ ಅಷ್ಟು ಬಿಡುವು ಸಿಗದೆಂದಲ್ಲ. ಆದರೆ ಅಂಗರಚನಾಶಾಸ್ತ್ರವನ್ನೂ ಔಷಧಶಾಸ್ತ್ರವನ್ನೂ ಇಂಗ್ಲಿಷಿನಲ್ಲಿ ಓದಿ ಅರಗಿಸಿಕೊಳ್ಳುವುದೇ ಕನ್ನಡ ಮಾಧ್ಯಮದಿಂದ ಬಂದವಳಿಗೆ ಮೊದಲೆರಡು ವರ್ಷಗಳ ಮಹಾಕಾರ್ಯವಾಗಿರುವುದರಿಂದ, ಸ್ಪ್ಯಾನಿಷನ್ನು ಮೂರನೆಯ ವರ್ಷದಲ್ಲಿ ಆರಂಭಿಸುವುದು ಉಚಿತವೆಂದು ನನ್ನ ಅಭಿಪ್ರಾಯ. ಇಂಗ್ಲಿಷ್ ಅರೆಬರೆಯಾಗಿರುವಾಗಲೇ ಅದರ ಮೇಲೆ ಮತ್ತೊಂದನ್ನು ಹೇರಿಕೊಂಡವರು ಎರಡನ್ನೂ ಕೈಬಿಟ್ಟ ಉದಾಹರಣೆಗಳು ಕಡಮೆಯಲ್ಲ.

ಪ್ರಮಾಣಪತ್ರ ಬೇಕಾದವರಿಗೆ ಸ್ಪೇನ್ ಸರಕಾರದ ಪರವಾಗಿ ಸೆರ್ವಾಂತೆಸ್ ಸಂಸ್ಥೆಯು ನಡೆಸುವ ‘ದೆಲೆ’ ಎಂಬ ಪರೀಕ್ಷೆಯುಂಟು. ಆ ಸಂಸ್ಥೆಯ ಭಾರತೀಯ ಕೇಂದ್ರವು 2009ರಲ್ಲಿ ನವದೆಹಲಿಯಲ್ಲಿ ಆರಂಭವಾಯಿತು. ರೋಗಿಯಾದರೋ ಪ್ರಮಾಣಪತ್ರವನ್ನು ಕೇಳುವವನಲ್ಲ.

ಅರೆಗಲಿಕೆಯ ಅಪಾಯ

ಇಷ್ಟನ್ನೆಲ್ಲ ಹೇಳಿದ ಮೇಲೆ, ಹೇಳಲೇಬೇಕಾದ ಇನ್ನೊಂದು ಮಾತಿದೆ. ಉಳಿದುದೆಲ್ಲವನ್ನೂ ಮರೆತರೂ ಇದನ್ನು ಮರೆಯಬಾರದು. 1980ರಲ್ಲಿ ಫ್ಲೋರಿಡಾದ ಆಸ್ಪತ್ರೆಯೊಂದಕ್ಕೆ ಹದಿನೆಂಟು ವರ್ಷದ ತರುಣನೊಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಕರೆತಂದರು. ಕ್ಯೂಬಾ ಮೂಲದ ಅವನ ಮನೆಯವರು, ತಿಂದದ್ದೇನೋ ಮೈಗೆ ವಿಷವಾಗಿರಬೇಕೆಂಬ ಭಾವದಿಂದ, ‘ಇಂತೊಕ್ಸಿಕಾದೊ’ ಎಂಬ ಪದವನ್ನು ಬಳಸಿದರು. ಆ ಪದವನ್ನು ಅದರಂತೆಯೇ ಕೇಳಿಸುವ ಇಂಗ್ಲಿಷ್ ಪದವೆಂದು ಗ್ರಹಿಸಿದ ಆಸ್ಪತ್ರೆಯವರು, ಹುಡುಗನು ಮಾದಕವಸ್ತುವನ್ನು ಅತಿಯಾಗಿ ಸೇವಿಸಿದ್ದಾನೆಂದು ಭಾವಿಸಿ ಆ ದಾರಿಯಲ್ಲಿ ಚಿಕಿತ್ಸೆಗೆ ತೊಡಗಿದರು. ನಿಜವಾಗಿ ಆದದ್ದು ಮಿದುಳಿನೊಳಗಿನ ರಕ್ತಸ್ರಾವ. ಅದು ಪತ್ತೆಯಾಗುವಷ್ಟರಲ್ಲಿ ಕಾಲ ಮಿಂಚಿತ್ತು. ಹುಡುಗನ ಕೈಕಾಲುಗಳೆರಡೂ ಶಾಶ್ವತವಾಗಿ ನಿಶ್ಚೇಷ್ಟವಾದವು. ದಾವೆಯು ಸುಮಾರು 7.1 ಕೋಟಿ ಡಾಲರುಗಳ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು.

ಈ ಪ್ರಕರಣದಲ್ಲಿ ಗಮನಿಸತಕ್ಕ ಅಂಶವೆಂದರೆ, ತಮಗೆ ಭಾಷೆ ಬಾರದೆಂದು ಅಲ್ಲಿ ಯಾರಿಗೂ ತೋರಲಿಲ್ಲ. ತಿಳಿಯಿತೆಂದು ಎಲ್ಲರೂ ಭಾವಿಸಿದ್ದರಿಂದಲೇ ದುಭಾಷಿಯನ್ನು ಯಾರೂ ಕರೆಯಲಿಲ್ಲ. ಒಂದು ಪದವೂ ಬಾರದವಳು ಸಹಾಯವನ್ನು ಕೇಳುತ್ತಾಳೆ. ನೂರು ಪದ ಬಲ್ಲವಳು ಕೇಳದೆಯೇ ಮುಂದುವರಿಯುವ ಸಂಭವ ಹೆಚ್ಚು. ಹೊಸದಾಗಿ ಭಾಷೆ ಕಲಿತ ದಾದಿಯು ಇರುವುದು ಈ ಎರಡನೆಯ ಸ್ಥಾನದಲ್ಲಿ.

ಅಮೆರಿಕದ ಕಾನೂನು ಈ ಅಪಾಯವನ್ನು ಬಲ್ಲದು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆಧಾರದ ಮೇಲೆಯೂ, 2010ರ ಆರೋಗ್ಯಸೇವಾ ಕಾಯಿದೆಯ ಆಧಾರದ ಮೇಲೆಯೂ, ಸರಕಾರದ ಹಣವನ್ನು ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಅರ್ಹನಾದ ದುಭಾಷಿಯ ನೆರವನ್ನು ರೋಗಿಯಿಂದ ಹಣ ಪಡೆಯದೆ ಒದಗಿಸತಕ್ಕುದೆಂಬ ನಿಯಮವಿದೆ. ತುರ್ತು ಪ್ರಸಂಗವನ್ನು ಬಿಟ್ಟರೆ, ಜೊತೆಯಲ್ಲಿ ಬಂದ ಮಗುವಿನಿಂದ ಭಾಷಾಂತರ ಮಾಡಿಸುವುದನ್ನು ಅಲ್ಲಿಯ ನಿಯಮಗಳು ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ, ರೋಗನಿರ್ಣಯದ ತಿಳಿವಳಿಕೆ, ಮನೆಗೆ ಹೋಗುವಾಗಿನ ಔಷಧದ ಸೂಚನೆಗಳು, ಇಂತಹ ಸಂದರ್ಭಗಳಲ್ಲಿ ದಾದಿಯು ತನ್ನ ಅಲ್ಪಜ್ಞಾನವನ್ನು ಬದಿಗಿಟ್ಟು ದೂರವಾಣಿಯಲ್ಲಿಯಾದರೂ ದುಭಾಷಿಯನ್ನು ಕರೆಯಬೇಕು. ಧೈರ್ಯ ಹೇಳುವುದಕ್ಕೆ, ನೀರು ಬೇಕೆ ಎಂದು ಕೇಳುವುದಕ್ಕೆ, ಸೂಜಿ ಚುಚ್ಚುವ ಮುನ್ನ ‘ಸ್ವಲ್ಪ ಚುರುಕ್ ಅನ್ನುತ್ತದೆ’ ಎಂದು ಎಚ್ಚರಿಸುವುದಕ್ಕೆ ಅವಳ ಸ್ಪ್ಯಾನಿಷ್ ಧಾರಾಳವಾಗಿ ಸಾಕು.

ನಮ್ಮಲ್ಲಿ ಅಂಥ ವ್ಯವಸ್ಥೆ ಇನ್ನೂ ರೂಢಿಗೆ ಬಂದಿಲ್ಲ. ಮರಾಠಿಯ ರೋಗಿಗೂ ಕನ್ನಡದ ವೈದ್ಯನಿಗೂ ನಡುವೆ ನಿಲ್ಲುವವರು ಪಕ್ಕದ ಹಾಸಿಗೆಯವರು, ಆಯಾ, ಇಲ್ಲವೆ ಶಾಲೆ ಬಿಟ್ಟು ಅಜ್ಜಿಯ ಜೊತೆಗೆ ಬಂದ ಮೊಮ್ಮಗ. ಅಜ್ಜಿಯು ಗುಟ್ಟಾಗಿ ಹೇಳಬೇಕೆಂದಿದ್ದ ಸ್ತ್ರೀರೋಗದ ಮಾತು ಆ ಮೊಮ್ಮಗನ ಮುಂದೆ ಎಂದಿಗೂ ಹೊರಬೀಳುವುದಿಲ್ಲ. ದೂರದ ದೇಶದ ನಿಯಮವೊಂದು ಗಡಿಜಿಲ್ಲೆಗಳ ಆಸ್ಪತ್ರೆಗಳಿಗೂ ಪಾಠವಾಗಬಹುದಾದರೆ ಅದು ಇದೇ.

ಮುಂದೇನು?

ಸ್ಪ್ಯಾನಿಷ್ ಕಲಿತರೆ ಅಮೆರಿಕದಲ್ಲಿ ಕೆಲಸ ಖಂಡಿತವೆಂದು ಹೇಳಿ ಶುಲ್ಕ ಕೇಳುವ ಏಜೆಂಟನ ಮಾತನ್ನು ತಂದೆತಾಯಿಗಳು ನಂಬಬಾರದು. 1983ರ ವಲಸೆ ಕಾಯಿದೆಯಂತೆ ನೋಂದಣಿ ಪಡೆಯದವರಿಗೆ ವಿದೇಶೀ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಅಧಿಕಾರವಿಲ್ಲ; ನೋಂದಾಯಿತರ ಪಟ್ಟಿಯನ್ನು ವಿದೇಶಾಂಗ ಸಚಿವಾಲಯವು ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಹೊಲದ ಮೇಲೆ ಸಾಲ ತೆಗೆಯುವ ಮೊದಲು ಆ ಪಟ್ಟಿಯನ್ನು ನೋಡುವುದಕ್ಕೆ ತಗಲುವುದು ಹತ್ತು ನಿಮಿಷ.

ಬೆಳಗಾವಿ ಜಿಲ್ಲೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಕೊರತೆಯಿಲ್ಲ. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಆಸ್ಪತ್ರೆಯೂ ನರ್ಸಿಂಗ್ ಮಹಾವಿದ್ಯಾಲಯವೂ ಅಲ್ಲಿವೆ. ಘಟಪ್ರಭಾದಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮವಿದೆ. 2010ರಿಂದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವಿದೆ. ಇವುಗಳಲ್ಲಿ ಯಾವುದಾದರೂ ಒಂದು ಮನಸ್ಸು ಮಾಡಿ, ಒಬ್ಬ ಸ್ಪ್ಯಾನಿಷ್ ಅಧ್ಯಾಪಕರನ್ನೂ ಇಬ್ಬರು ಅನುಭವಸ್ಥ ಶುಶ್ರೂಷಾಧಿಕಾರಿಗಳನ್ನೂ ಒಂದೆಡೆ ಕೂಡಿಸಿದರೆ, ರೋಗಿಯ ಹಾಸಿಗೆಯ ಬಳಿ ಬೇಕಾಗುವ ಸ್ಪ್ಯಾನಿಷನ್ನು, ಮತ್ತು ಅದರ ಜೊತೆಗೇ ಜರ್ಮನನ್ನೂ ಮರಾಠಿಯನ್ನೂ, ಕನ್ನಡ ಲಿಪಿಯಲ್ಲಿ ಬರೆದು ಕನ್ನಡ ವ್ಯಾಕರಣದ ಮೂಲಕ ವಿವರಿಸುವ ಐವತ್ತು ಪುಟಗಳ ಕೈಪಿಡಿಯೊಂದು ಒಂದು ಬೇಸಿಗೆ ರಜೆಯಲ್ಲಿ ಸಿದ್ಧವಾಗಬಲ್ಲದು. ‘ನನಗೆ ತಲೆ ನೋಯುತ್ತದೆ’ ಎಂಬ ವಾಕ್ಯವೇ ಅದರ ಮೊದಲನೆಯ ಪಾಠವಾಗಲಿ. ದುಭಾಷಿಯನ್ನು ಕರೆಯಬೇಕಾದ ಸಂದರ್ಭಗಳ ಪಟ್ಟಿಯನ್ನು ಮುಖಪುಟದ ಒಳಬದಿಯಲ್ಲಿಯೇ ಅಚ್ಚುಹಾಕಲಿ. ಈ ಸಂಸ್ಥೆಗಳ ಆಡಳಿತದಲ್ಲಿರುವವರು ಈ ಲೇಖನವನ್ನು ಓದುತ್ತಿದ್ದರೆ, ಬರುವ ಶೈಕ್ಷಣಿಕ ವರ್ಷಕ್ಕೆ ಮೊದಲೇ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿ.